ದೂರು ನಿಂತ ಗಲ್ಲಿ: ಮೈಸೂರಿನ ಒಂದು ಬಡಾವಣೆಯಲ್ಲಿ ಪುಂಡಾಟ, ಗಾಂಜಾ ಮತ್ತು ಠಾಣೆಯ ಆದ್ಯತೆ

(ಬಡಾವಣೆ, ಠಾಣೆ, ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಹಿನ್ನೆಲೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಗಲ್ಲಿ ಇರುತ್ತದೆ. ಊರಿನವರು ಅದನ್ನು ‘ಕನ್ಸರ್ವೆನ್ಸಿ’ ಎಂದೇ ಕರೆಯುವುದು. ಒಳಚರಂಡಿ ಬರುವ ಮುಂಚೆ ಹಿತ್ತಿಲ ಕಡೆಯಿಂದ ಹೊಲಸು ಸಾಗಿಸಲು ಬಿಟ್ಟ ದಾರಿ. ಈಗ ಅದರಡಿ ಒಳಚರಂಡಿ ಕೊಳವೆ ಹೋಗಿದೆ, ಮೇಲೆ ಯಾರಿಗೂ ಬೇಡವಾದ ಹತ್ತು ಹನ್ನೆರಡು ಅಡಿ ಅಗಲದ ನೆಲ ಉಳಿದಿದೆ. ಹಿತ್ತಿಲ ಬಾಗಿಲನ್ನು ಬಹಳ ಮನೆಯವರು ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿದ್ದಾರೆ. ಕಿಟಕಿ ಇದ್ದರೂ ಅದು ಬಚ್ಚಲಿನದು. ಹಾಗಾಗಿ ಗಲ್ಲಿಯಲ್ಲಿ ಏನು ನಡೆದರೂ ನೋಡುವ ಕಣ್ಣಿಲ್ಲ.

ಈ ಪ್ರಕರಣದ ಬಡಾವಣೆ ಎರಡು ಕಾಲೇಜುಗಳಿಗೆ ನಡೆದು ಹೋಗುವಷ್ಟು ಹತ್ತಿರ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ ವಯಸ್ಸಾದವರಷ್ಟೇ ಉಳಿದ ಮನೆಗಳು ಒಂದಷ್ಟು, ಪಿಜಿಗಳಾಗಿ ಬದಲಾದ ಮನೆಗಳು ಇನ್ನೊಂದಷ್ಟು. ಮೂಲೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ. ಅಲ್ಲಿಂದ ಮುನ್ನೂರು ಮೀಟರ್ ದೂರದಲ್ಲಿ ಪಾಲಿಕೆಯ ಪಾರ್ಕ್. ಈ ಅಂಗಡಿ, ಗಲ್ಲಿ, ಪಾರ್ಕ್ ಮೂರನ್ನು ಬಿಡಿಸಿ ನೋಡಿದ್ದೇ ಮೊದಲ ಆರು ತಿಂಗಳ ತಪ್ಪು.

ಮೊದಲ ಆರು ತಿಂಗಳು

ದೂರುಗಳೆಲ್ಲ ಪಾರ್ಕಿನ ಕಡೆಯಿಂದ ಬರುತ್ತಿದ್ದವು. ಸಂಜೆ ಏಳರ ಮೇಲೆ ಕುಡಿತ, ಬಾಟಲಿ ಒಡೆಯುವುದು, ಸೈಲೆನ್ಸರ್ ತೆಗೆದ ಬೈಕುಗಳ ಸದ್ದು, ವಾಕಿಂಗಿಗೆ ಬಂದ ಹೆಂಗಸರ ಬೆನ್ನಿಗೆ ಪೋಲಿ ಮಾತು. ನಿವಾಸಿಗಳ ಸಂಘ ಮನವಿ ಕೊಟ್ಟಿತು, ಪತ್ರಿಕೆಯಲ್ಲಿ ಬಂತು. ಠಾಣೆ ವಿಶೇಷ ಕಾರ್ಯಾಚರಣೆ ಮಾಡಿತು. ಸಾರ್ವಜನಿಕ ಸ್ಥಳದಲ್ಲಿ ಕುಡಿದವರ ಮೇಲೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ), 32(3), ಗಲಾಟೆ ಮಾಡಿದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 92. ದಂಡ ಕಟ್ಟಿ ಹೋದವರು ಮೂರನೆಯ ವಾರಕ್ಕೆ ವಾಪಸ್ ಬಂದರು. ಇಂಥ ಸಣ್ಣಪುಟ್ಟ ‘ಪೆಟಿ’ ಕೇಸುಗಳ ಸಂಖ್ಯೆ ಏರಿತೇ ಹೊರತು ಪಾರ್ಕಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ.

ಗಾಂಜಾ ಕೆಲಸ ಬೇರೆಯೇ ಹಳಿಯಲ್ಲಿ ಓಡುತ್ತಿತ್ತು. 2025ರ ಜುಲೈಯಲ್ಲಿ ಮುಂಬಯಿ ಪೊಲೀಸರು ಮೈಸೂರಿನಲ್ಲಿ ಮೆಫೆಡ್ರೋನ್ ಎಂಬ ರಾಸಾಯನಿಕ ಮಾದಕ ವಸ್ತು ತಯಾರಿಸುತ್ತಿದ್ದ ಜಾಗವನ್ನು ಪತ್ತೆ ಮಾಡಿದ ಸುದ್ದಿ ಬಂದ ಮೇಲಂತೂ ಎಲ್ಲರ ಕಣ್ಣು ದೊಡ್ಡ ಸರಕಿನ ಮೇಲೆ. ಠಾಣೆ ಮಟ್ಟದಲ್ಲಿ ಮಾತ್ರ ಸುಲಭಕ್ಕೆ ಸಿಗುತ್ತಿದ್ದದ್ದು ಸೇದಿದ ಹುಡುಗರೇ. ಹಿಡಿ, ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸು, ಪಾಸಿಟಿವ್ ಬಂದರೆ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ 1985ರಲ್ಲಿ ಸೇವನೆಗಿರುವ ಕಲಂ 27(ಬಿ), ಅದೇ ದಿನ ಠಾಣೆಯಲ್ಲೇ ಜಾಮೀನು (ಸ್ಟೇಷನ್ ಬೇಲ್). ಗಾಂಜಾದ ಅಂಶ ಮೂತ್ರದಲ್ಲಿ ದಿನಗಟ್ಟಲೆ, ಚಟ ಹಳೆಯದಾದರೆ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಆ ಹುಡುಗ ಎಲ್ಲಿ ಸೇದಿದ, ಯಾರಿಂದ ಕೊಂಡ ಎಂಬುದಕ್ಕೆ ಆ ಪರೀಕ್ಷೆ ಉತ್ತರ ಕೊಡುವುದಿಲ್ಲ. ಮಾರುವವನ ಹೆಸರು ಕೇಳಿದರೆ ಎಲ್ಲರದ್ದೂ ಒಂದೇ ಮಾತು: ‘ಯಾರೋ ಗೊತ್ತಿಲ್ಲ ಸಾರ್, ರಿಂಗ್ ರೋಡಲ್ಲಿ ಸಿಕ್ಕಿದ.’

ಈ ನಡುವೆ ಒಂದು ಪಿಜಿ ಕೋಣೆಯ ಮೇಲೆ ನಡೆದ ದಾಳಿಯೂ ಕೆಟ್ಟಿತು. ಮಾಹಿತಿ ಬಂದದ್ದು ಸಂಜೆ, ಹೋದದ್ದು ಕತ್ತಲಾದ ಮೇಲೆ. ಕಟ್ಟಡದೊಳಗೆ ಶೋಧಿಸುವುದಾದರೆ ಅದೇ ಕಾಯ್ದೆಯ ಕಲಂ 42ರಂತೆ ಬಂದ ಮಾಹಿತಿಯನ್ನು ಬರೆದಿಡಬೇಕು, ಸೂರ್ಯಾಸ್ತದಿಂದ ಸೂರ್ಯೋದಯದವರೆಗಾದರೆ ವಾರಂಟ್ ತರಲು ಏಕೆ ಕಾಯಲಾಗದು ಎಂಬ ಕಾರಣ ಬರೆಯಬೇಕು, ಅದರ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು. ಬರೆದದ್ದು ಮರುದಿನ ಬೆಳಿಗ್ಗೆ, ಹಿಂದಿನ ದಿನದ ಸಮಯ ಹಾಕಿ. ಸ್ಟೇಷನ್ ಡೈರಿಯ ಸಮಯಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಇಂಥ ಕೇಸು ನ್ಯಾಯಾಲಯದಲ್ಲಿ ಏನಾಗುತ್ತದೆಂದು ಊಹಿಸಲು ವಕೀಲರೇ ಆಗಬೇಕಿಲ್ಲ.

ಕರೆ ಏಕೆ ನಿಂತಿತು

ಆ ಬಡಾವಣೆಯ ಗಸ್ತಿಗೆ (ಬೀಟ್‌ಗೆ) ಹೊಸದಾಗಿ ಬಂದ ಮಹಿಳಾ ಪೇದೆಯೊಬ್ಬರು ಹಿಂದಿನ ಕರೆಗಳ ಪಟ್ಟಿ ಹಿಡಿದು ಕೂತರು. ಪಾರ್ಕಿನಿಂದ ಕರೆ ಬರುತ್ತಲೇ ಇದೆ. ಗಲ್ಲಿಯ ಸುತ್ತಲ ಮನೆಗಳಿಂದ ಮೊದಲು ಬರುತ್ತಿತ್ತು, ಒಂದು ದಿನದಿಂದ ಆಚೆಗೆ ಒಂದೂ ಇಲ್ಲ. ಠಾಣೆಯ ಲೆಕ್ಕದಲ್ಲಿ ಅದು ಸರಿಹೋದ ಜಾಗ. ಅವರಿಗೆ ಅನುಮಾನ ಬಂದದ್ದು ಅಲ್ಲೇ. ಪುಂಡಾಟ ನಿಧಾನವಾಗಿ ಇಳಿಯುತ್ತದೆ, ಹೀಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ.

ಕೊನೆಯ ಕರೆ ಮಾಡಿದವರು ನಿವೃತ್ತ ಶಿಕ್ಷಕಿ, ಮನೆಯಲ್ಲಿ ಒಬ್ಬರೇ. ಎರಡು ಸಲ ಹೋದರೂ ಬಾಗಿಲಲ್ಲೇ ನಿಲ್ಲಿಸಿ ‘ಏನೂ ಇಲ್ಲಮ್ಮ, ಎಲ್ಲ ಚೆನ್ನಾಗಿದೆ’ ಎಂದು ಕಳಿಸಿದರು. ಮೂರನೆಯ ಸಲ ಸಮವಸ್ತ್ರವಿಲ್ಲದೆ ಹೋದಾಗ ಒಳಗೆ ಕರೆದು ಕಾಫಿ ಕೊಟ್ಟು ಹೇಳಿದ್ದು ಇಷ್ಟು. ಆ ರಾತ್ರಿ ಅವರು 112ಕ್ಕೆ ಫೋನ್ ಮಾಡಿದ್ದರು. ವಾಹನ ಬೇಗನೇ ಬಂತು. ನೇರ ಅವರ ಗೇಟಿನ ಮುಂದೆ, ದೀಪ ಮಿನುಗಿಸುತ್ತ ನಿಂತಿತು. ಸಿಬ್ಬಂದಿ ಗಟ್ಟಿಯಾಗಿ ಕೇಳಿದರು: ‘ಏನಮ್ಮಾ, ಫೋನ್ ಮಾಡಿದ್ದು ನೀವೇನಾ?’ ಗಲ್ಲಿಯ ತುದಿಯಲ್ಲಿದ್ದ ಹುಡುಗರು ಅಲ್ಲೇ ನಿಂತು ಕೇಳಿಸಿಕೊಂಡರು. ಮರುದಿನ ಅವರ ತುಳಸಿಕಟ್ಟೆ ಉರುಳಿತ್ತು, ನೀರಿನ ಮೀಟರ್ ಒಡೆದಿತ್ತು. ಸುದ್ದಿ ಬೀದಿಗೆಲ್ಲ ಹಬ್ಬಿತು. ಆಮೇಲೆ ಯಾರು ಕರೆ ಮಾಡುತ್ತಾರೆ?

ಮೊದಲು ಬದಲಾದದ್ದು ಈ ರೂಢಿ, ಇದಕ್ಕೆ ಕಾಸೂ ಖರ್ಚಾಗಲಿಲ್ಲ. ಕರೆ ಮಾಡಿದವರ ನಂಬರ್ ವಾಹನದ ಸಾಧನದಲ್ಲಿ ಬಂದೇ ಬರುತ್ತದೆ. ಎರಡು ಅಡ್ಡರಸ್ತೆ ಈಚೆ ನಿಂತು ಫೋನಿನಲ್ಲೇ ಮಾತಾಡುವುದು, ಮನೆಯ ಮುಂದೆ ನಿಲ್ಲದಿರುವುದು, ಜಾಗಕ್ಕೆ ಸಾಮಾನ್ಯ ಗಸ್ತಿನಂತೆ ಇನ್ನೊಂದು ತುದಿಯಿಂದ ಹೋಗುವುದು, ಮರುದಿನ ಏನಾಯಿತೆಂದು ಫೋನಿನಲ್ಲೇ ತಿಳಿಸುವುದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಉತ್ತರ ಬಾರದ ದೂರು ಎರಡನೆಯ ಸಲ ಬರುವುದಿಲ್ಲ.

ಕಸ ಹೇಳಿದ್ದು

ಮುಂದಿನ ಮಾಹಿತಿ ಕೊಟ್ಟವರು ಪೌರಕಾರ್ಮಿಕರು. ಬೆಳಿಗ್ಗೆ ಆರಕ್ಕೆ ಪಾರ್ಕನ್ನೂ ಗಲ್ಲಿಯನ್ನೂ ಗುಡಿಸುವವರು ಅವರೇ. ಯಾವ ಮೂಲೆಯಲ್ಲಿ ಏನು ಬೀಳುತ್ತದೆಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಪೇದೆ ಒಂದು ವಾರ ಅವರ ಜೊತೆ ಹೋಗಿ ನೋಡಿದರು. ಪಾರ್ಕಿನ ಕಸ: ವಿಸ್ಕಿಯ 90 ಎಂಎಲ್ ಟೆಟ್ರಾ ಪ್ಯಾಕ್, ಬಿಯರ್ ಬಾಟಲಿ, ಗುಟ್ಕಾ ಚೀಟಿ, ಕಬಾಬಿನ ಮೂಳೆ. ಗಲ್ಲಿಯ ಕಸದಲ್ಲಿ ಬಾಟಲಿಯೇ ಇಲ್ಲ. ಕಾಂಪೌಂಡ್ ಗೋಡೆಯ ಬುಡದಲ್ಲಿ ಒಣ ಹೊಗೆಸೊಪ್ಪಿನ ಪುಟ್ಟ ಪುಟ್ಟ ಗುಡ್ಡೆ, ಸಿಗರೇಟನ್ನು ಬೆರಳಲ್ಲಿ ಹೊಸೆದು ಒಳಗಿನದನ್ನು ಉದುರಿಸಿದ್ದು. ರೋಲಿಂಗ್ ಪೇಪರಿನ ಹೊದಿಕೆ, ಬಿಸ್ಕತ್ತಿನ ರಟ್ಟು ಹರಿದು ಸುತ್ತಿದ ತುದಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಜಿಪ್ ಕವರುಗಳು. ಸಿರಿಂಜ್ ಇರಲಿಲ್ಲ, ನಶೆಗೆ ಮೂಸುವ ಪಂಕ್ಚರ್ ಸಲ್ಯೂಷನ್ ಟ್ಯೂಬೂ ಇರಲಿಲ್ಲ. ಇದ್ದಿದ್ದರೆ ಕೆಲಸದ ಸ್ವರೂಪವೇ ಬೇರೆಯಾಗುತ್ತಿತ್ತು: ಸಿರಿಂಜ್ ಆದರೆ ಮೆಡಿಕಲ್ ಸ್ಟೋರುಗಳ ಕಡೆಗೆ ನೋಡಬೇಕು, ಔಷಧ ನಿಯಂತ್ರಣ ಇಲಾಖೆಯನ್ನು ಕರೆಯಬೇಕು. ಸಲ್ಯೂಷನ್ ಆದರೆ ವಯಸ್ಸು ಇನ್ನೂ ಚಿಕ್ಕದೆಂದು ತಿಳಿಯಬೇಕು.

ಹೀಗೆ ಚಿತ್ರ ತಿರುವುಮುರುವಾಯಿತು. ಸದ್ದು ಇದ್ದದ್ದು ಪಾರ್ಕಿನಲ್ಲಿ, ವ್ಯಾಪಾರ ನಡೆಯುತ್ತಿದ್ದದ್ದು ಸದ್ದಿಲ್ಲದ ಗಲ್ಲಿಯಲ್ಲಿ. ಗಲ್ಲಿಯಲ್ಲಿ ಕೊಂಡವರಲ್ಲಿ ಕೆಲವರು ಪಾರ್ಕಿಗೆ ಹೋಗಿ ಕುಡುಕರ ಗುಂಪಿನಲ್ಲಿ ಸೇರಿಕೊಳ್ಳುತ್ತಿದ್ದರು. ಪೊಲೀಸರು ಪಾರ್ಕಿನಲ್ಲಿ ಇರುವಷ್ಟು ಹೊತ್ತು ಗಲ್ಲಿಯವನಿಗೆ ನೆಮ್ಮದಿ.

ಆದ್ಯತೆ ಎಂದರೆ ಕೈಬಿಡುವುದು

ಇನ್‌ಸ್ಪೆಕ್ಟರ್ ಕರೆದ ಸಭೆಯಲ್ಲಿ ಸಂಘದವರು ಹದಿನಾಲ್ಕು ಬೇಡಿಕೆ ಪಟ್ಟಿ ಮಾಡಿದರು. ಬೀದಿನಾಯಿ, ಪಾರ್ಕಿಂಗ್, ತಳ್ಳುಗಾಡಿ, ವೀಲಿಂಗ್, ರಾತ್ರಿ ಡಿಜೆ, ಎಲ್ಲ. ಸಾಮಾನ್ಯವಾಗಿ ಇಂಥ ಸಭೆಯಲ್ಲಿ ‘ಎಲ್ಲದಕ್ಕೂ ಕ್ರಮ ತಗೋತೀವಿ’ ಎಂದು ಹೇಳಿ ಏಳುವುದು ರೂಢಿ. ಈ ಸಲ ಹಾಗಾಗಲಿಲ್ಲ. ಪಾಳಿಗೆ ಸಿಗುವುದು ಇಬ್ಬರು ಸಿಬ್ಬಂದಿ, ಒಂದು ಬೈಕ್ ಎಂದು ನೇರವಾಗಿ ಹೇಳಿ, 90 ದಿನಕ್ಕೆ ಮೂರೇ ಕೆಲಸ ಎಂದು ಗೊತ್ತುಮಾಡಲಾಯಿತು: ಗಲ್ಲಿ, ಪೆಟ್ಟಿಗೆ ಅಂಗಡಿ, ಸಂಜೆ ಏಳರಿಂದ ಹತ್ತರವರೆಗಿನ ಹೊತ್ತು. ವೀಲಿಂಗ್ ಸಂಚಾರ ಠಾಣೆಗೆ ಹೋಯಿತು, ನಾಯಿ ಪಾಲಿಕೆಗೆ. ಪಾರ್ಕಿನ ಕುಡಿತಕ್ಕೆ ವಾರಕ್ಕೆ ಎರಡು ಬಾರಿ, ಗೊತ್ತಿಲ್ಲದ ದಿನ ಭೇಟಿ, ಅಷ್ಟೇ.

ಸಂಘದ ಹಿರಿಯರೊಬ್ಬರು ಸಿಟ್ಟಾಗಿ ಎದ್ದು ಹೋದರು. ಅವರ ಮನೆ ಇದ್ದದ್ದು ಪಾರ್ಕಿನ ಎದುರೇ. ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಜಾಗವನ್ನು ಆರಿಸಿದರೆ ಇನ್ನೊಂದು ಜಾಗದವರು ಅದರ ಬೆಲೆ ತೆರುತ್ತಾರೆ. ಅದನ್ನು ಅವರಿಗೆ ಮುಂಚೆಯೇ ಹೇಳುವುದಕ್ಕೂ ಅವರಾಗಿ ಕಂಡುಹಿಡಿಯುವುದಕ್ಕೂ ವ್ಯತ್ಯಾಸ ಬಹಳ.

ಮಾರುವವನ ಲೆಕ್ಕಾಚಾರ

ಗಲ್ಲಿಗೆ ಬೆನ್ನು ಹಾಕಿದ ಖಾಲಿ ಮನೆಯೊಂದರ ಹಿಂಗೋಡೆಯಲ್ಲಿ ಹಳೆಯ ಕರೆಂಟ್ ಮೀಟರ್ ಪೆಟ್ಟಿಗೆ ಇತ್ತು. ಮೀಟರ್ ತೆಗೆದು ವರ್ಷಗಳಾಗಿವೆ, ಬಾಗಿಲು ಒಂದೇ ಕೀಲಿನಲ್ಲಿ ನೇತಾಡುತ್ತದೆ. ಅದರೊಳಗೆ ಹಾಲಿನ ಖಾಲಿ ಕವರಿನಲ್ಲಿ ಐದಾರು ಪೊಟ್ಟಣ. ಮಾರುವವನು ನಿಲ್ಲುತ್ತಿದ್ದದ್ದು ಅಲ್ಲಲ್ಲ, ಅಂಗಡಿಯ ಬಳಿ, ಟೀ ಹಿಡಿದು. ಗಿರಾಕಿ ಅಂಗಡಿಯ ಕ್ಯೂಆರ್ ಕೋಡಿಗೆ ಹಣ ಹಾಕುತ್ತಾನೆ, ಸ್ಕೂಟರಿನ ಎಂಜಿನ್ ಆರಿಸದೆ ಗಲ್ಲಿಯ ಇನ್ನೊಂದು ತುದಿಯಿಂದ ಬರುತ್ತಾನೆ, ಒಬ್ಬ ಹುಡುಗ ಪೆಟ್ಟಿಗೆಯಿಂದ ಪೊಟ್ಟಣ ತೆಗೆದು ಕೈಗಿಡುತ್ತಾನೆ. ಅರ್ಧ ನಿಮಿಷವೂ ಇಲ್ಲ. ಹಣ ಮುಟ್ಟಿದವನ ಕೈಯಲ್ಲಿ ಸರಕಿಲ್ಲ, ಸರಕು ಮುಟ್ಟಿದವನ ಕೈಯಲ್ಲಿ ಹಣವಿಲ್ಲ.

ಇಷ್ಟು ಕಡಿಮೆ ಇಡುವುದಕ್ಕೂ ಕಾರಣವಿದೆ. ಗಾಂಜಾ ಒಂದು ಕೆ.ಜಿ.ವರೆಗೆ ಕಾನೂನಿನಲ್ಲಿ ‘ಅಲ್ಪ ಪ್ರಮಾಣ’. ಒಂದು ವರ್ಷದವರೆಗೆ ಸಜೆ ಅಥವಾ ₹10,000ವರೆಗೆ ದಂಡ ಅಥವಾ ಎರಡೂ. ಅದು ದಾಟಿದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. 20 ಕೆ.ಜಿ. ಮೀರಿದ ವಾಣಿಜ್ಯ ಪ್ರಮಾಣಕ್ಕೆ ಹತ್ತರಿಂದ ಇಪ್ಪತ್ತು ವರ್ಷ. ಬೀದಿಯಲ್ಲಿ ಮಾರುವವನಿಗೆ ಈ ಗೆರೆಗಳು ಹೊಸ ಪೇದೆಗಿಂತ ಚೆನ್ನಾಗಿ ಗೊತ್ತು.

ಪೆಟ್ಟಿಗೆಯನ್ನು ಒಡೆದು ಸರಕು ಎತ್ತಿಕೊಂಡು ಬರುವ ಆಸೆ ಎಲ್ಲರಿಗೂ ಇತ್ತು. ಹಾಗೆ ಮಾಡಿದ್ದರೆ ಅದು ವಾರಸುದಾರರಿಲ್ಲದ ಮಾಲಾಗುತ್ತಿತ್ತು, ಅಷ್ಟೇ. ಬದಲಿಗೆ ಎದುರಿನ ಮಹಡಿಯೊಂದರಿಂದ ನಾಲ್ಕು ಸಂಜೆ ನೋಡಿದರು, ವಿಡಿಯೊ ಮಾಡಿದರು. ದಾಳಿಯ ದಿನ ಹಿಂದಿನ ತಪ್ಪುಗಳನ್ನು ಒಂದೊಂದಾಗಿ ತಿದ್ದಲಾಯಿತು.

ಪೆಟ್ಟಿಗೆ ಗಲ್ಲಿಯಲ್ಲಿದೆ, ಆದರೆ ಗೋಡೆ ಖಾಸಗಿಯದು. ಸಾರ್ವಜನಿಕ ಸ್ಥಳವೆಂದು ಕಲಂ 43 ಸಾಕೋ, ಕಲಂ 42 ಬೇಕೋ ಎಂಬ ವಾದಕ್ಕೆ ಎಡೆ ಕೊಡದೆ 42ರಂತೆಯೇ ಬರೆದು, ಹೊರಡುವ ಮುಂಚೆಯೇ ಮೇಲಧಿಕಾರಿಗೆ ಕಳಿಸಿದರು. ಮೈ ತಪಾಸಣೆಗೆ ಮುಂಚೆ ಕಲಂ 50ರ ನೋಟಿಸನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆದರು: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಕೇಳುವುದು ನಿನ್ನ ಹಕ್ಕು ಎಂದು. ‘ಇಲ್ಲವೇ ನಮ್ಮ ಮುಂದೆಯೇ ಆಗಬಹುದು’ ಎಂಬ ಮೂರನೆಯ ಆಯ್ಕೆ ಸೇರಿಸುವ ಹಳೆಯ ಚಾಳಿ ಬಿಟ್ಟರು, ಅದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಪಂಚರಾಗಿ, ಅಂದರೆ ಜಪ್ತಿಯ ಸಾಕ್ಷಿಗಳಾಗಿ, ಅದೇ ಬೀದಿಯವರನ್ನು ಕರೆಯಲಿಲ್ಲ, ಬೇರೆ ಇಲಾಖೆಯ ಇಬ್ಬರು ನೌಕರರನ್ನು ಕರೆತಂದರು. ಶಿಕ್ಷಕಿಯ ತುಳಸಿಕಟ್ಟೆ ಎಲ್ಲರ ನೆನಪಲ್ಲಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 105ರಂತೆ ಜಪ್ತಿ ಪೂರ್ತಿ ವಿಡಿಯೊ ಆಯಿತು.

ತೂಕದಲ್ಲಿ ಎಡವುವವರೇ ಹೆಚ್ಚು. ಕವರ್ ಸಹಿತ ಒಂದು ತೂಕ, ಕವರ್ ಬಿಟ್ಟು ಒಂದು ತೂಕ ಬರೆಯಬೇಕು. ಕಾನೂನಿನಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಪಂಚನಾಮೆಯಲ್ಲಿ ‘ಸೊಪ್ಪು’ ಎಂದಷ್ಟೇ ಬರೆದರೆ ಆರೋಪಿಯ ವಕೀಲರಿಗೆ ಹಬ್ಬ. ಹಸಿ ಸರಕು ಒಣಗಿ ತೂಕ ಇಳಿಯುತ್ತದೆ, ಹಸಿಯಿತ್ತು ಎಂಬುದನ್ನು ಅಂದೇ ಬರೆಯದಿದ್ದರೆ ಆಮೇಲಿನ ವ್ಯತ್ಯಾಸಕ್ಕೆ ಉತ್ತರವಿಲ್ಲ. ಮಾದರಿಯನ್ನು ಸ್ಥಳದಲ್ಲಿ ತೆಗೆಯದೆ, ಎನ್‌ಡಿಪಿಎಸ್ ಕಾಯ್ದೆಯ ಕಲಂ 52ಎ ಮತ್ತು ಅದರಡಿಯ 2022ರ ನಿಯಮದಂತೆ ಮ್ಯಾಜಿಸ್ಟ್ರೇಟರ ಮುಂದೆ 24 ಗ್ರಾಂನಂತೆ ಎರಡು ಪ್ರತಿ ತೆಗೆಸಿದರು. ಜಪ್ತಿಯ ಬಗ್ಗೆ ಮೇಲಧಿಕಾರಿಗೆ ಕೊಡಬೇಕಾದ ಕಲಂ 57ರ ವರದಿ 48 ಗಂಟೆಯೊಳಗೆ ಹೋಯಿತು.

ಇಷ್ಟೆಲ್ಲ ಮಾಡಿದ್ದು ಕೆಲವೇ ಪೊಟ್ಟಣಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ವ್ಯರ್ಥವೇ. ಕೆಲಸ ಮುಂದಕ್ಕೆ ಒಯ್ದದ್ದು ಅಂಗಡಿಯ ಕ್ಯೂಆರ್. ಬಿಎನ್‌ಎಸ್‌ಎಸ್ ಕಲಂ 94ರ ನೋಟಿಸ್ ಕೊಟ್ಟು ಖಾತೆಯ ವಿವರ ತರಿಸಿದರು, ಅದಕ್ಕೆ ವಾರಗಳೇ ಹಿಡಿದವು. ಐದು, ಹತ್ತು, ಹದಿನೈದು ರೂಪಾಯಿಯ ಟೀ ಸಿಗರೇಟಿನ ಸಾಲಿನ ನಡುವೆ ಸಂಜೆ ಏಳರ ಮೇಲೆ ಮಾತ್ರ ಬರುವ ದುಂಡನೆಯ ಮುನ್ನೂರು, ಐನೂರು ರೂಪಾಯಿಗಳು ಎದ್ದು ಕಂಡವು. ಅದೇ ಖಾತೆಯಿಂದ ವಾರಕ್ಕೊಮ್ಮೆ ಒಂದೇ ನಂಬರಿಗೆ ಹಣ ಹೋಗುತ್ತಿತ್ತು. ಆ ನಂಬರು ಊರ ಹೊರಗಿನ ಒಂದು ಬಾಡಿಗೆ ಕೋಣೆಗೆ ಕರೆದೊಯ್ದಿತು, ಅಲ್ಲಿ ಸಿಕ್ಕ ಸರಕು ಒಂದು ಕೆ.ಜಿ. ಗೆರೆ ದಾಟಿತ್ತು. ಅಂಗಡಿಯವನೂ ಸೇರಿ ಎಲ್ಲರ ಮೇಲೆ ಎನ್‌ಡಿಪಿಎಸ್ ಕಾಯ್ದೆಯ ಒಳಸಂಚಿನ ಕಲಂ 29 ಬಿತ್ತು.

ಹುಡುಗ

ಪೊಟ್ಟಣ ಕೈಗಿಡುತ್ತಿದ್ದ ಹುಡುಗನಿಗೆ ಹದಿನಾರು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಉಳಿಸಿಕೊಂಡವನು, ದಿನಕ್ಕೆ ನೂರು ರೂಪಾಯಿ ಮತ್ತು ಊಟಕ್ಕೆ ನಿಂತವನು. ಮೊದಲ ಕರಡಿನಲ್ಲಿ ಅವನ ಹೆಸರು ಉಳಿದ ಆರೋಪಿಗಳ ಸಾಲಿನಲ್ಲೇ ಇತ್ತು, ವಯಸ್ಸು ‘ಸುಮಾರು 18’. ಶಾಲೆಯ ದಾಖಲೆ ತರಿಸಿ ನೋಡಿದ ಮೇಲೆ ತಿದ್ದಿದರು. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಮವಸ್ತ್ರವಿಲ್ಲದೆ ಮಾತಾಡಿಸಿದರು, ಲಾಕಪ್ಪಿಗೆ ಹಾಕಲಿಲ್ಲ, ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಿದರು. ಮಗುವನ್ನು ಮಾದಕ ವಸ್ತು ಸಾಗಿಸಲು, ಮಾರಲು ಬಳಸಿದ್ದಕ್ಕೆ ಬಾಲ ನ್ಯಾಯ ಕಾಯ್ದೆ 2015ರ ಕಲಂ 78 ದೊಡ್ಡವರ ಮೇಲೆ ಬಿತ್ತು: ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಪೊಟ್ಟಣಗಳ ಅಲ್ಪ ಪ್ರಮಾಣಕ್ಕೆ ಸಿಗುವ ಒಂದು ವರ್ಷದ ಪಕ್ಕ ಇದನ್ನು ಇಟ್ಟು ನೋಡಿದರೆ ವಯಸ್ಸಿನ ದಾಖಲೆ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

ಕೊಂಡು ಸೇದುತ್ತಿದ್ದವರ ವಿಷಯದಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಕಲಂ 64ಎ ಬಳಕೆಗೆ ಬಂತು. ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿ ಪೂರೈಸಿದರೆ ಸೇವನೆ, ಅಲ್ಪ ಪ್ರಮಾಣದ ಪ್ರಕರಣದಿಂದ ವಿನಾಯಿತಿ ಸಿಗುತ್ತದೆ. ಹೆಚ್ಚಿನ ತಂದೆ ತಾಯಂದಿರಿಗೆ ಇದು ಗೊತ್ತೇ ಇರಲಿಲ್ಲ, ದಂಡ ಕಟ್ಟಿ ಮುಗಿಸಿಬಿಡೋಣ ಎನ್ನುತ್ತಿದ್ದರು. ಅರ್ಧ ಪುಟದ ಕನ್ನಡ ಚೀಟಿ ಮಾಡಿ, ವ್ಯಸನಮುಕ್ತಿ ಸಹಾಯವಾಣಿ 14446 ಬರೆದು, ನೋಟಿಸಿನ ಜೊತೆಗೇ ಕೊಡತೊಡಗಿದರು. ಚಿಕಿತ್ಸೆಗೆ ಹೋದವರು ಕೆಲವರು, ನಡುವೆ ಬಿಟ್ಟವರೂ ಉಂಟು.

ಬೆಳಕು

ಗಲ್ಲಿಗೆ ದೀಪ ಕೇಳಿದಾಗ ಪಾಲಿಕೆಯಲ್ಲಿ ಸಿಕ್ಕ ಉತ್ತರ, ಅದು ರಸ್ತೆಯ ಪಟ್ಟಿಯಲ್ಲೇ ಇಲ್ಲ ಎಂದು. ಸಂಘದವರು ಹಣ ಸೇರಿಸಿ ಒಂದು ತುದಿಯಲ್ಲಿ ದೊಡ್ಡ ಫ್ಲಡ್‌ಲೈಟ್ ಹಾಕಿಸಿದರು. ಕಣ್ಣಿಗೆ ರಾಚುವ ಬೆಳಕಿನ ಹಿಂದೆ ಕತ್ತಲು ಇನ್ನೂ ದಟ್ಟವಾಯಿತು, ದೀಪದ ಬುಡದಲ್ಲಿ ಇಸ್ಪೀಟು ಶುರುವಾಯಿತು. ಅದನ್ನು ತೆಗೆದು, ಮೂರು ಮನೆಗೊಂದರಂತೆ ಹಿಂಗೋಡೆಗಳ ಮೇಲೆ ಸಣ್ಣ ಎಲ್‌ಇಡಿ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದ ಮೇಲೆ ಈ ತುದಿಯಿಂದ ಆ ತುದಿಯಲ್ಲಿರುವವರ ಮುಖ ಕಾಣತೊಡಗಿತು. ಗಲ್ಲಿಯಲ್ಲಿ ಸುರಿದಿದ್ದ ಕಟ್ಟಡದ ತ್ಯಾಜ್ಯ ಎತ್ತಿಸಿದ್ದು ಇದಕ್ಕಿಂತ ಮುಖ್ಯ. ಅಲ್ಲಿಯವರೆಗೆ ಗಸ್ತಿನ ಬೈಕು ನಡುವೆಯೇ ನಿಂತು ಹಿಂದಕ್ಕೆ ತಿರುಗಬೇಕಿತ್ತು, ಅಷ್ಟರಲ್ಲಿ ಆ ಕಡೆಯವರು ಓಡಿಬಿಡುತ್ತಿದ್ದರು.

ಆದದ್ದು

ಮೂರನೆಯ ತಿಂಗಳಲ್ಲಿ ಬಡಾವಣೆಯಿಂದ ಬರುವ ಕರೆಗಳು ಏರಿದವು. ಮಾಸಿಕ ಪರಿಶೀಲನಾ ಸಭೆಯಲ್ಲಿ ಅದನ್ನು ಪರಿಸ್ಥಿತಿ ಹದಗೆಟ್ಟಿದೆ ಎಂದು ಓದಲಾಯಿತು. ಗಲ್ಲಿಯ ಮನೆಗಳು ಮತ್ತೆ ಮಾತಾಡಲು ಶುರುಮಾಡಿವೆ ಎಂದು ಇನ್‌ಸ್ಪೆಕ್ಟರ್ ಹಳೆಯ ಪಟ್ಟಿಯ ಖಾಲಿ ತಿಂಗಳುಗಳನ್ನು ತೋರಿಸಿ ವಿವರಿಸಬೇಕಾಯಿತು. ಬರೀ ಸಂಖ್ಯೆ ನೋಡುವ ಸಭೆಗೆ ಹೋಗುವವರು ಆ ಖಾಲಿ ತಿಂಗಳುಗಳ ಹಾಳೆಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಮಾರಿದವನ ಗಡಿಪಾರಿಗೆ ಪೊಲೀಸ್ ಕಾಯ್ದೆಯ ಕಲಂ 55ರಡಿ ಪ್ರಸ್ತಾವ ಕಳಿಸೋಣ ಎಂಬ ಮಾತು ಬಂದಿತ್ತು. ಕಳಿಸಲಿಲ್ಲ. ಗಡಿಪಾರಾದವನು ಹೆಚ್ಚೆಂದರೆ ಪಕ್ಕದ ಮಂಡ್ಯ ಜಿಲ್ಲೆಗೆ ಹೋಗಿ ಕೂರುತ್ತಾನೆ, ಅಲ್ಲಿನ ಠಾಣೆಗೆ ಅವನು ಹೊಸಬ. ಬಿಎನ್‌ಎಸ್‌ಎಸ್ ಕಲಂ 129ರಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಗೊತ್ತಿರುವ ಬೀಟಿನಲ್ಲೇ ಕಣ್ಣಿಟ್ಟಿರುವುದು ವಾಸಿ ಎನಿಸಿತು. ಈ ನಿರ್ಧಾರದ ಬಗ್ಗೆ ಠಾಣೆಯಲ್ಲೇ ಒಮ್ಮತ ಇರಲಿಲ್ಲ.

ವ್ಯಾಪಾರ ಪೂರ್ತಿ ಹೋಗಲಿಲ್ಲ. ಒಂದಷ್ಟು ರಿಂಗ್ ರೋಡಿನ ಸರ್ವಿಸ್ ರಸ್ತೆಗೆ ಸರಿಯಿತು, ಒಂದಷ್ಟು ಸ್ಕೂಟರ್ ಮೇಲೆ ಮನೆ ಬಾಗಿಲಿಗೇ ತಲುಪಿಸುವುದಾಯಿತು. ಗಲ್ಲಿಗೆ ಬರುತ್ತಿದ್ದಷ್ಟು ಸುಲಭದಲ್ಲಿ, ಕಾಲೇಜು ಬಿಟ್ಟ ಹುಡುಗ ನಡೆದು ಹೋಗಿ ಕೊಳ್ಳುವಂತೆ ಮಾತ್ರ ಉಳಿಯಲಿಲ್ಲ. ಪಾರ್ಕಿನ ಕುಡಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಎದ್ದು ಹೋಗಿದ್ದ ಹಿರಿಯರು ಆಮೇಲಿನ ಯಾವ ಸಭೆಗೂ ಬರಲಿಲ್ಲ.

90 ದಿನ ಮುಗಿದ ಎರಡೇ ತಿಂಗಳಿಗೆ ಆ ಮಹಿಳಾ ಪೇದೆಗೆ ವರ್ಗವಾಯಿತು. ಹೋಗುವ ಮುಂಚೆ ಬೀಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟದ್ದು: ಯಾವ ಮನೆಯವರನ್ನು ಫೋನಿನಲ್ಲಿ ಮಾತ್ರ ಮಾತಾಡಿಸಬೇಕು, ಪೌರಕಾರ್ಮಿಕರು ಟೀಗೆ ಎಲ್ಲಿ ನಿಲ್ಲುತ್ತಾರೆ, ಹಿಂಗೋಡೆಯ ಏಳು ದೀಪಗಳಲ್ಲಿ ಐದನೆಯದು ಆಗಾಗ ಆರುತ್ತದೆ, ಅದು ಆರಿದ್ದರೆ ಬಲ್ಬ್ ಕೆಟ್ಟಿದೆ ಎಂದುಕೊಳ್ಳದೆ ಮೊದಲು ಮೀಟರ್ ಪೆಟ್ಟಿಗೆಯೊಳಗೆ ಕೈಹಾಕಿ ನೋಡಿ.